ಬ್ಲೇಡಿನ ಆಯ್ಕೆ: ಹರಿತವೊಂದನ್ನೇ ನೋಡಿದರೆ ಸಾಲದು

ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದೇ ಸಿ.ಎನ್.ಸಿ. ಘಟಕಕ್ಕೆ ಹೋಗಿ, ಕಾರ್ಬೈಡ್ ಇನ್ಸರ್ಟನ್ನು ಹೇಗೆ ಆರಿಸುವಿರೆಂದು ಕೇಳಿದರೆ ಅಲ್ಲಿನ ಮೇಲ್ವಿಚಾರಕರು ನಾಲ್ಕು ಮರುಪ್ರಶ್ನೆ ಹಾಕುತ್ತಾರೆ. ಜಾಬ್ ಯಾವ ಲೋಹದ್ದು? ಹೋಲ್ಡರ್ ಯಾವುದು? ಕೂಲಂಟ್ ಹೇಗಿದೆ? ಒಂದು ಅಂಚಿನಿಂದ ಎಷ್ಟು ಜಾಬ್ ಮುಗಿಯಬೇಕು? ಇವಕ್ಕೆ ಉತ್ತರ ತಿಳಿಯದೆ ಕೇವಲ ಕಂಪನಿಯ ಹೆಸರು ನೋಡಿ ಇನ್ಸರ್ಟ್ ಕೊಳ್ಳುವ ಉದ್ದಿಮೆದಾರರು ವಿರಳ. ಆದರೆ ಅದೇ ಉದ್ದಿಮೆದಾರರು ಪ್ರತಿದಿನ ಬೆಳಿಗ್ಗೆ ತಮ್ಮ ಮುಖದ ಮೇಲೆ ಆಡಿಸುವ ಬ್ಲೇಡನ್ನು ಮಾತ್ರ ಅಂಗಡಿಯವರು ಕೈಗಿತ್ತರೆಂದೋ, ಮನೆಯಲ್ಲಿ ಹಿಂದಿನಿಂದ ತರುತ್ತಿದ್ದುದು ಅದೇ ಎಂದೋ ಕೊಂಡಿರುತ್ತಾರೆ. ಎರಡು ಅಲಗಿನ ಬ್ಲೇಡೂ ಒಂದು ಕತ್ತರಿಸುವ ಉಪಕರಣವೇ. ಮುಖವನ್ನು ಜಾಬ್ ಎಂದೂ, ರೇಜರನ್ನು ಹೋಲ್ಡರ್ ಎಂದೂ, ನೀರು ಮತ್ತು ನೊರೆಯನ್ನು ಕೂಲಂಟ್ ಎಂದೂ ಭಾವಿಸಿದರೆ ಆಯ್ಕೆಯ ದಾರಿ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ವಿಷಯವು ಸ್ವಂತ ಕ್ಷೌರಕ್ಕೆ ಮಾತ್ರ ಸೀಮಿತವಾಗಿದ್ದರೆ ಅದಕ್ಕೆ ವಾಣಿಜ್ಯ ಪತ್ರಿಕೆಯಲ್ಲಿ ಸ್ಥಳವಿರುತ್ತಿರಲಿಲ್ಲ. ಬ್ಲೇಡು ನೋಡಲು ಚಿಲ್ಲರೆ ಸರಕು. ಆದರೆ ಸೆಲೂನ್‌ಗಳಿಗೆ ಸರಬರಾಜು ಮಾಡುವ ಸಗಟು ವ್ಯಾಪಾರಿಗೆ ಅದು ನಿತ್ಯದ ವಹಿವಾಟು. ತಪ್ಪು ಸರಕು ತುಂಬಿಕೊಂಡರೆ ಬಂಡವಾಳ ಕಪಾಟಿನಲ್ಲಿ ಕುಳಿತುಬಿಡುತ್ತದೆ. ನಕಲಿ ಸರಕು ಬಂದರೆ ಕಾನೂನಿನ ತೊಡಕು ಎದುರಾಗುತ್ತದೆ. ಕಾರ್ಖಾನೆಗಳಲ್ಲಿಯೂ ಬ್ಲೇಡಿನ ಬಳಕೆಯುಂಟು. ರಬ್ಬರ್ ಮೋಲ್ಡಿಂಗ್ ಘಟಕಗಳಲ್ಲಿ ಅಚ್ಚಿನಿಂದ ಹೊರಬಂದ ಬಿಡಿಭಾಗಗಳ ಅಂಚಿನ ಹೆಚ್ಚುವರಿ ರಬ್ಬರನ್ನು ಬ್ಲೇಡಿನಿಂದಲೇ ಸವರುವುದುಂಟು. ಬಣ್ಣ ಸಿಂಪಡಿಸುವ, ಪ್ಲೇಟಿಂಗ್ ಮಾಡುವ ಘಟಕಗಳಲ್ಲಿ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಧರಿಸುವ ಕಾರ್ಮಿಕರಿಗೆ ನುಣುಪಾದ ಕ್ಷೌರ ಸುರಕ್ಷತೆಯ ಅಗತ್ಯವೂ ಹೌದು; ಒಂದೆರಡು ದಿನದ ಕುರುಚಲು ಗಡ್ಡವಿದ್ದರೂ ಮಾಸ್ಕಿನ ಅಂಚು ಚರ್ಮಕ್ಕೆ ಸರಿಯಾಗಿ ಒತ್ತಿಕೊಳ್ಳದೆ ಹೊಗೆ ಮತ್ತು ಆವಿ ಒಳನುಸುಳುತ್ತವೆ.

ಹತ್ತನೇ ಒಂದು ಮಿಲಿಮೀಟರ್

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಅವರು ಬಳಸಿ ಎಸೆಯುವ ಬ್ಲೇಡಿನ ಕಲ್ಪನೆಯನ್ನು ಮುಂದಿಟ್ಟಾಗ, ಕಾಗದದಷ್ಟು ತೆಳುವಾದ ಉಕ್ಕನ್ನು ಡೊಂಕಾಗದಂತೆ ಗಡಸುಗೊಳಿಸಿ ಹರಿತ ಮಾಡುವುದು ಆಗದ ಮಾತೆಂದು ಲೋಹತಜ್ಞರು ತಳ್ಳಿಹಾಕಿದ್ದರು. ಎಂ.ಐ.ಟಿ.ಯಲ್ಲಿ ಕಲಿತ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದಕ್ಕೆ ಬೇಕಾದ ಯಂತ್ರಗಳನ್ನು ರೂಪಿಸಿದ ಮೇಲೆಯೇ ಉದ್ಯಮ ನಿಂತಿತು. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಹೋದದ್ದು 51 ರೇಜರ್ ಮತ್ತು 168 ಬ್ಲೇಡು. ಪೇಟೆಂಟ್ ದೊರೆತದ್ದು 1904ರ ನವೆಂಬರ್‌ನಲ್ಲಿ. ಹೊಸ ಉತ್ಪನ್ನವೊಂದರ ಮೊದಲ ವರ್ಷದ ಲೆಕ್ಕಪತ್ರ ನೋಡಿ ಎದೆಗುಂದಿರುವ ಸಣ್ಣ ಉದ್ದಿಮೆದಾರರು ಈ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು!

ಭಾರತದಲ್ಲಿ ಈ ಉದ್ಯಮ ಬೆಳೆದದ್ದು ಬೇರೆ ಊರುಗಳಲ್ಲಿ. ಕೋಲ್ಕತ್ತದ ಹರಬನ್ಸ್‌ಲಾಲ್ ಮಲ್ಹೋತ್ರಾ ಸಂಸ್ಥೆಯ ಟೋಪಾಜ್, ಥಾಣೆಯ ವಿದ್ಯುತ್ ಮೆಟಾಲಿಕ್ಸ್ ಸಂಸ್ಥೆಯ ಸೂಪರ್‌ಮ್ಯಾಕ್ಸ್ ಬ್ಲೇಡುಗಳು ದೇಶದ ಹಳ್ಳಿ ಹಳ್ಳಿಗೂ ತಲುಪಿದ ಹೆಸರುಗಳು. 1984ರಲ್ಲಿ ಇಂಡಿಯನ್ ಶೇವಿಂಗ್ ಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ ಸ್ಥಾಪನೆಯಾಗಿ, ರಾಜಸ್ಥಾನದ ಭಿವಾಡಿಯಲ್ಲಿ ಕಾರ್ಖಾನೆ ತೆರೆದ ಸಂಸ್ಥೆಯೇ ಮುಂದೆ ಜಿಲೆಟ್ ಇಂಡಿಯಾ ಆಯಿತು. ಎಪ್ಪತ್ತರ ದಶಕದ ಕೊನೆಗೆ ಮೈದಳೆದ ಪೀಣ್ಯದ ಹೆಸರು ಯಂತ್ರೋಪಕರಣ, ಅಚ್ಚು, ಪ್ರೆಸ್ ಕೆಲಸ, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್‌ಗಳಿಗೆ ಪ್ರಸಿದ್ಧವಾಯಿತು. ಕುತೂಹಲದ ಸಂಗತಿಯೆಂದರೆ, ಒಂದು ಬ್ಲೇಡು ತಯಾರಾಗುವ ಹಂತಗಳೆಲ್ಲವೂ ಪೀಣ್ಯದವರಿಗೆ ಬೇರೆ ಬೇರೆಯಾಗಿ ಚಿರಪರಿಚಿತ.

ಸುಮಾರು 22 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯ ಸುರುಳಿ ಮೊದಲು ಪ್ರೆಸ್‌ಗೆ ಹೋಗಿ ನಡುವಿನ ಸೀಳನ್ನು ಪಡೆಯುತ್ತದೆ. ಬಳಿಕ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಕುಲುಮೆಯಲ್ಲಿ ಹಾದು, ಥಟ್ಟನೆ ತಣಿದು, ಶೂನ್ಯಕ್ಕಿಂತ ಬಹಳ ಕೆಳಗಿನ ಶೈತ್ಯವನ್ನು ಕಂಡು, ಟೆಂಪರ್ ಆಗುತ್ತದೆ. ಉಕ್ಕಿನಲ್ಲಿ ಸುಮಾರು ಶೇ. 13 ಕ್ರೋಮಿಯಂ ಹಾಗೂ ಶೇ. 0.6ರಿಂದ 0.7ರಷ್ಟು ಇಂಗಾಲವಿರುತ್ತದೆ. ಗ್ರೈಂಡಿಂಗ್, ಹೋನಿಂಗ್, ಸ್ಟ್ರಾಪಿಂಗ್ ಮುಗಿದ ಮೇಲೆ ಅಲಗಿನ ತುದಿ ಕೆಲವೇ ಹತ್ತು ನ್ಯಾನೋಮೀಟರ್‌ಗಳಷ್ಟು ಸೂಕ್ಷ್ಮವಾಗುತ್ತದೆ. ಅದರ ಮೇಲೆ ನಿರ್ವಾತದಲ್ಲಿ ಕ್ರೋಮಿಯಂ ಅಥವಾ ಪ್ಲಾಟಿನಂ ಬೆರೆತ ಅತಿ ತೆಳು ಲೇಪನ. ಅದರ ಮೇಲೆ ಅಡುಗೆಯ ನಾನ್‌ಸ್ಟಿಕ್ ತವೆಗೆ ಬಳಿಯುವ ವಸ್ತುವಿನದೇ ಇನ್ನೊಂದು ಲೇಪನ. ಈ ಕೊನೆಯ ಲೇಪನವನ್ನು ಮುನ್ನೂರು ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕರಗಿಸಿ ಅಂಟಿಸಲಾಗುತ್ತದೆ.

ಗ್ರಾಹಕರು "ಹರಿತ" ಎಂದು ಕರೆಯುವ ಗುಣ ವಾಸ್ತವವಾಗಿ ಈ ಮೂರರ ಮೊತ್ತ: ಉಕ್ಕು, ತುದಿ, ಲೇಪನ. ಒಂದು ಬ್ಲೇಡು ಎಳೆಯುತ್ತದೆ ಎಂದಾಗ ತುದಿ ಮೊಂಡಾಗಿರಬೇಕೆಂದೇನೂ ಇಲ್ಲ. ಲೇಪನ ಕಿತ್ತುಹೋಗಿದ್ದರೂ ಅದೇ ಅನುಭವವಾಗುತ್ತದೆ. ಕ್ಷೌರ ಮುಗಿದೊಡನೆ ಟವೆಲಿನಿಂದ ಬ್ಲೇಡನ್ನು ಒರೆಸುವ ಶಿಸ್ತಿನ ಜನರೇ ಹೆಚ್ಚಾಗಿ ಬ್ಲೇಡು ಬಾಳಿಕೆ ಬರುವುದಿಲ್ಲವೆಂದು ದೂರುವುದಕ್ಕೆ ಕಾರಣ ಇಲ್ಲಿದೆ. ನೀರಿನಲ್ಲಿ ಅಲುಗಿಸಿ, ಕೊಡವಿ, ಒಣಗಲು ಬಿಟ್ಟರೆ ಸಾಕು.

ಮೆತ್ತನೆಯ ಕೂದಲು ಉಕ್ಕನ್ನು ಮುರಿಯುವ ಬಗೆ

ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದು. ಹೀಗಿದ್ದೂ ಬ್ಲೇಡು ಏಕೆ ಕೆಡುತ್ತದೆ? 2020ರ ಆಗಸ್ಟ್‌ನಲ್ಲಿ ಎಂ.ಐ.ಟಿ.ಯ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಸಂಶೋಧಕರಲ್ಲೊಬ್ಬರಾದ ಜಿಯಾನ್‌ಲೂಕಾ ರೊಶಿಯೋಲಿ ತಮ್ಮದೇ ಮುಖಕ್ಷೌರ ಮಾಡಿಕೊಂಡು, ಪ್ರತಿ ಬಾರಿಯೂ ಬ್ಲೇಡಿನ ತುದಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ತುದಿ ಸವೆದು ಮೊಂಡಾಗುವುದಕ್ಕಿಂತ ಅಲ್ಲಲ್ಲಿ ಚಕ್ಕೆ ಏಳುವುದೇ ಮುಖ್ಯವೆಂದು ಕಂಡುಬಂದಿತು. ಕೂದಲು ಬಾಗಿ ಬ್ಲೇಡಿಗೆ ಓರೆಯಾಗಿ ತಾಗಿದಾಗ, ಆ ಜಾಗದಲ್ಲಿ ಉಕ್ಕಿನ ಒಳರಚನೆ ಏಕರೂಪವಾಗಿಲ್ಲದಿದ್ದರೆ, ಒತ್ತಡವೆಲ್ಲ ಒಂದೆಡೆ ಕೇಂದ್ರೀಕೃತವಾಗಿ ಚಕ್ಕೆ ಹಾರುತ್ತದೆ.

ಉದ್ದಿಮೆದಾರರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಸರಾಸರಿ ಗಡಸುತನದ ಅಂಕಿಗಿಂತ ಅದರ ಏಕರೂಪತೆ ದೊಡ್ಡದು. ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಒಂದು ಲಾಟ್ ಚೆನ್ನಾಗಿ ಬಂದು ಇನ್ನೊಂದು ಕೈಕೊಟ್ಟರೆ, ಪೊಟ್ಟಣದ ಮೇಲಿನ ಹೆಸರು ಎರಡಕ್ಕೂ ಒಂದೇ ಇರುತ್ತದೆ. ಆದ್ದರಿಂದ ಒಳ್ಳೆಯ ಬ್ರಾಂಡ್ ಎಂದರೆ ಅತ್ಯಂತ ಹರಿತವಾದ ಒಂದು ಬ್ಲೇಡನ್ನು ಕೊಟ್ಟದ್ದಲ್ಲ. ಐದು ಬ್ಲೇಡಿನ ಪೊಟ್ಟಣದಲ್ಲಿ ಐದನ್ನೂ ಒಂದೇ ರೀತಿ ಕೊಟ್ಟದ್ದು. ಇದನ್ನು ಒಂದು ಬ್ಲೇಡು ಬಳಸಿ ತೀರ್ಮಾನಿಸಲಾಗದು.

ಹೋಲ್ಡರ್ ಮತ್ತು ಕೂಲಂಟ್

ಒಬ್ಬರಿಗೆ ಬೆಣ್ಣೆಯಂತೆ ಹೋಗುವ ಬ್ಲೇಡು ಇನ್ನೊಬ್ಬರಿಗೆ ಗಾಯ ಮಾಡುವುದೇಕೆಂಬ ಪ್ರಶ್ನೆಗೆ ಬಹುಪಾಲು ಉತ್ತರ ರೇಜರಿನಲ್ಲಿದೆ. ಬ್ಲೇಡಿನ ತುದಿ ರೇಜರ್ ತಲೆಯಿಂದ ಎಷ್ಟು ಹೊರಚಾಚಿದೆ, ಕೆಳಗಿನ ರಕ್ಷಾಪಟ್ಟಿಗೂ ಅಲಗಿಗೂ ಎಷ್ಟು ಅಂತರವಿದೆ, ಬ್ಲೇಡನ್ನು ಅಂಚಿನ ಎಷ್ಟು ಸಮೀಪದವರೆಗೆ ಅದುಮಿ ಹಿಡಿದಿದೆ ಎಂಬ ಮೂರು ಅಳತೆಗಳು ಕ್ಷೌರದ ಗುಣವನ್ನು ನಿರ್ಧರಿಸುತ್ತವೆ. ಹಿಡಿತ ಸಡಿಲವಾಗಿದ್ದರೆ ಬ್ಲೇಡು ಕಂಪಿಸುತ್ತದೆ. ಲೇತಿನಲ್ಲಿ ಟೂಲ್ ಬಹಳ ಹೊರಚಾಚಿದಾಗ ಬರುವ ಚಾಟರ್ ಇದೇ. ಮೃದು ಸ್ವಭಾವದ ರೇಜರಿಗೆ ತೀಕ್ಷ್ಣ ಬ್ಲೇಡು ಒಗ್ಗುತ್ತದೆ. ಹೆಚ್ಚು ಅಂತರದ ರೇಜರಿಗೆ ಸೌಮ್ಯ ಬ್ಲೇಡಿನಿಂದ ಆರಂಭಿಸುವುದು ಕ್ಷೇಮ. ಜಪಾನಿನ ಸೆಕಿ ನಗರದಲ್ಲಿ ತಯಾರಾಗುವ ಫೆದರ್ ಬ್ಲೇಡು ಅತಿ ಹರಿತವೆಂದು ಹೆಸರಾಗಿದೆ. ಹೆಸರು ಕೇಳಿ ಅದನ್ನು ತರಿಸಿ, ಉಗ್ರವಾದ ರೇಜರಿಗೆ ಹಾಕಿ, ಗಲ್ಲ ಕೊಯ್ದುಕೊಂಡು ಬ್ಲೇಡನ್ನು ದೂಷಿಸಿ ಪ್ರಯೋಜನವಿಲ್ಲ. ರೇಜರನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ, ಅದರ ಭಾರದಿಂದಲೇ ಸರಿಯುವಂತೆ ಹಿಡಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ನೀರು. ನೀರು ಹೀರಿದ ಕೂದಲನ್ನು ಕತ್ತರಿಸಲು ಒಣ ಕೂದಲಿಗಿಂತ ಬಹಳ ಕಡಿಮೆ ಬಲ ಸಾಕು. ಎರಡು ಮೂರು ನಿಮಿಷ ಬೆಚ್ಚಗಿನ ನೀರಿನಿಂದ ನೆನೆಸುವುದು ದುಬಾರಿ ಬ್ಲೇಡಿಗಿಂತ ಹೆಚ್ಚಿನ ಫಲ ಕೊಡುತ್ತದೆ. ಪೀಣ್ಯ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನು ಬಳಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಗಡಸು ನೀರಿನಲ್ಲಿ ಸೋಪಿನ ನೊರೆ ಸರಿಯಾಗಿ ಏಳದೆ ಬಿಳಿ ಕಲ್ಮಷವಾಗಿ ಒಡೆಯುತ್ತದೆ. ಅದೇ ಕಲ್ಮಷ ಬ್ಲೇಡಿನ ಮೇಲೂ ಒಣಗಿ ಪೊರೆಗಟ್ಟುತ್ತದೆ. ಕಾವೇರಿ ನೀರು ಬರುವ ಮನೆಯಲ್ಲಿ ಆರು ಬಾರಿ ಬಂದ ಬ್ಲೇಡು ಕೊಳವೆಬಾವಿಯ ಮನೆಯಲ್ಲಿ ನಾಲ್ಕಕ್ಕೇ ಎಳೆಯತೊಡಗಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ.

ಪರೀಕ್ಷೆ ಹೇಗೆ?

ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬುದು ಕಾರ್ಖಾನೆಯ ಮೊದಲ ಪಾಠ. ಹೊಸ ರೇಜರ್, ಹೊಸ ಸೋಪು, ಹೊಸ ಬ್ಲೇಡು ಮೂರನ್ನೂ ಒಂದೇ ದಿನ ಆರಂಭಿಸಿದವರಿಗೆ ಏನೂ ತಿಳಿಯುವುದಿಲ್ಲ. ಮೂರು ಬ್ರಾಂಡುಗಳ ಒಂದೊಂದು ಪೊಟ್ಟಣ ತಂದು, ರೇಜರ್ ಮತ್ತು ಸೋಪನ್ನು ಹಾಗೆಯೇ ಇಟ್ಟುಕೊಂಡು, ಒಂದೊಂದು ಬ್ರಾಂಡಿನಿಂದಲೂ ಕನಿಷ್ಠ ಎರಡು ಮೂರು ಬ್ಲೇಡು ಬಳಸಿ ನೋಡಬೇಕು. ಎಳೆತವಿತ್ತೇ, ಕ್ಷೌರದ ಹತ್ತು ನಿಮಿಷದ ನಂತರ ಉರಿ ಉಳಿಯಿತೇ, ಎಷ್ಟನೆಯ ಕ್ಷೌರಕ್ಕೆ ಬ್ಲೇಡು ತೊಂದರೆ ಕೊಡಲಾರಂಭಿಸಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು. ಹೊಸ ಬ್ಲೇಡಿನ ಮೊದಲ ಕ್ಷೌರಕ್ಕಿಂತ ಎರಡನೆಯದು ಹಿತವೆಂದು ಹಲವರು ಹೇಳುವುದುಂಟು. ತುದಿಯ ಮೇಲಿನ ಹೆಚ್ಚಿನ ಲೇಪನ ಮೊದಲ ಬಳಕೆಯಲ್ಲಿ ಹಿಂದೆ ಸರಿಯುವುದೇ ಇದಕ್ಕೆ ಕಾರಣ. ಹಾಗಾಗಿ ಮೊದಲ ದಿನವೇ ತೀರ್ಪು ಕೊಡುವುದು ಅವಸರವಾಗುತ್ತದೆ. ಎರಡು ರೇಜರ್ ಒಂದೇ ಮಾದರಿಯವಿದ್ದರೆ ಎಡಗಲ್ಲಕ್ಕೆ ಒಂದು ಬ್ಲೇಡು, ಬಲಗಲ್ಲಕ್ಕೆ ಇನ್ನೊಂದು ಹಾಕಿ, ಮರುದಿನ ಅದಲುಬದಲು ಮಾಡುವುದು ಇನ್ನೂ ಒಳ್ಳೆಯದು. ಹೊದಿಕೆ ತೆಗೆದು ಕೊಡಲು ಮನೆಯವರಿಗೆ ಹೇಳಿದರೆ ಹೆಸರಿನ ಮೋಹವೂ ಕಳೆಯುತ್ತದೆ.

ಬೆಲೆಯ ಲೆಕ್ಕವನ್ನು ಬ್ಲೇಡಿಗೆ ಬದಲು ಕ್ಷೌರಕ್ಕೆ ಹಾಕಬೇಕು. ಉದಾಹರಣೆಗೆ, 3 ರೂ. ಬ್ಲೇಡು ಮೂರು ಬಾರಿ ಬಂದರೆ ಕ್ಷೌರವೊಂದಕ್ಕೆ 1 ರೂ.; 12 ರೂ. ಬ್ಲೇಡು ಆರು ಬಾರಿ ಬಂದರೆ 2 ರೂ. ಹೆಚ್ಚಿನ ಒಂದು ರೂಪಾಯಿಗೆ ಮುಖದ ಹಿತ ಸಿಗುತ್ತದೆಯೇ ಎಂಬುದನ್ನು ಬಳಸುವವರು ತೀರ್ಮಾನಿಸಬೇಕು. ಜಿಲೆಟ್ ಸಂಸ್ಥೆ 2010ರಲ್ಲಿ ಭಾರತಕ್ಕಾಗಿಯೇ 'ಗಾರ್ಡ್' ಎಂಬ ರೇಜರನ್ನು 15 ರೂ.ಗೂ, ಅದರ ಬದಲಿ ಕಾರ್ಟ್ರಿಜ್ಜನ್ನು 5 ರೂ.ಗೂ ಬಿಡುಗಡೆ ಮಾಡಿದ್ದು ಈ ಲೆಕ್ಕವನ್ನು ಬಲ್ಲ ಗ್ರಾಹಕನನ್ನು ಎರಡು ಅಲಗಿನ ಬ್ಲೇಡಿನಿಂದ ಸೆಳೆಯುವುದಕ್ಕಾಗಿಯೇ.

ಸೆಲೂನ್: ಬೇರೆಯದೇ ಮಾರುಕಟ್ಟೆ

ಸಗಟು ವ್ಯಾಪಾರಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಮನೆಯ ಬಳಕೆದಾರ ಬಾಳಿಕೆಗೆ ಬೆಲೆ ಕೊಡುತ್ತಾನೆ. ಕ್ಷೌರಿಕರು ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಉಸ್ತರಕ್ಕೆ ಸಿಕ್ಕಿಸಿ, ಒಬ್ಬ ಗ್ರಾಹಕರಿಗೆ ಬಳಸಿ ಎಸೆಯಬೇಕು. ಆರು ಬಾರಿ ಬಾಳುವ ಬ್ಲೇಡಿನ ಐದು ಬಾರಿಗಳು ಅವರಿಗೆ ಬೇಕಾಗಿಯೇ ಇಲ್ಲ. ಅವರಿಗೆ ಬೇಕಾದದ್ದು ಮೊದಲ ಎಳೆತದಲ್ಲೇ ಸುಗಮವಾಗಿ ಹೋಗುವ, ಕಾಗದದ ಹೊದಿಕೆಯೊಳಗೇ ಚೊಕ್ಕವಾಗಿ ಎರಡಾಗುವ, ಸೆಟೆದು ನಿಲ್ಲುವ ಬ್ಲೇಡು. ಉಸ್ತರಕ್ಕೆ ರಕ್ಷಾಪಟ್ಟಿಯಿಲ್ಲ; ಅತಿ ತೀಕ್ಷ್ಣವಾದದ್ದು ಕಲಿಯುತ್ತಿರುವ ಹುಡುಗರ ಕೈಯಲ್ಲಿ ಅಪಾಯಕಾರಿ. ಮನೆಬಳಕೆಯಲ್ಲಿ ಚೆನ್ನಾಗಿ ಮಾರಾಟವಾದ ಬ್ರಾಂಡನ್ನೇ ಸೆಲೂನ್‌ಗಳಿಗೂ ತುಂಬಿಸಲು ಹೊರಟ ವ್ಯಾಪಾರಿಗೆ ಸರಕು ಹಿಂತಿರುಗಿ ಬಂದರೆ ಅದರಲ್ಲಿ ಬ್ಲೇಡಿನ ತಪ್ಪೇನಿಲ್ಲ.

ಒಂದೇ ಬ್ಲೇಡನ್ನು ಇಬ್ಬರಿಗೆ ಬಳಸುವ ವಿಷಯದಲ್ಲಿ ರಾಜಿಗೆ ಅವಕಾಶವೇ ಇಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದ ಒಂದು ಗೀರು ಅದಕ್ಕೆ ಸಾಕು. ಗ್ರಾಹಕರ ಎದುರಿನಲ್ಲೇ ಹೊದಿಕೆ ಸಹಿತ ಬ್ಲೇಡನ್ನು ಮುರಿಯುವ ಪದ್ಧತಿ ಸೆಲೂನಿನ ಅತ್ಯುತ್ತಮ ಜಾಹೀರಾತು. ಇದನ್ನು ಪಾಲಿಸುವ ಅಂಗಡಿಗೆ ಬ್ಲೇಡು ಹೆಚ್ಚು ಬೇಕಾಗುತ್ತದೆ. ಹಾಗಾಗಿ ಅಗ್ಗವಾದ, ಆದರೆ ಒಂದೇ ಗುಣಮಟ್ಟದ ಸರಕನ್ನು ತಪ್ಪದೆ ಒದಗಿಸುವ ವ್ಯಾಪಾರಿಗೆ ಅಲ್ಲಿ ಬೇಡಿಕೆಯಿದೆ.

ನಕಲಿ ಸರಕು

ನಕಲಿಯನ್ನು ಗುರುತಿಸಲು ಕೆಲವರು ಅಯಸ್ಕಾಂತ ಹಿಡಿದು ನೋಡುವುದುಂಟು. ಸ್ಟೇನ್‌ಲೆಸ್ ಆದರೆ ಅಂಟಿಕೊಳ್ಳಬಾರದು ಎಂಬುದು ಅವರ ನಂಬಿಕೆ. ಅಡುಗೆ ಪಾತ್ರೆಯ ಸ್ಟೇನ್‌ಲೆಸ್ ಬೇರೆ, ಬ್ಲೇಡಿನ ಸ್ಟೇನ್‌ಲೆಸ್ ಬೇರೆ, ಗಡಸುಗೊಳಿಸಿದ ಶೇ. 13 ಕ್ರೋಮಿಯಂ ಉಕ್ಕು ಅಯಸ್ಕಾಂತಕ್ಕೆ ಚೆನ್ನಾಗಿಯೇ ಅಂಟುತ್ತದೆ. ಆ ಪರೀಕ್ಷೆಯಿಂದ ಅಸಲಿ ಸರಕನ್ನೇ ಹಿಂತಿರುಗಿಸುವ ಅಪಾಯವಿದೆ. ಅದರ ಬದಲು ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಎಷ್ಟು ಬ್ಲೇಡು, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗಾಗಿ ಸಂಪರ್ಕ ಇವೆಲ್ಲ ಇವೆಯೇ ಎಂದು ನೋಡಬೇಕು. ಪೊಟ್ಟಣದ ಸರಕುಗಳ ಬಗೆಗಿನ 2011ರ ಕಾನೂನು ಮಾಪನ ನಿಯಮಗಳು ಇವನ್ನು ಕಡ್ಡಾಯಗೊಳಿಸಿವೆ. ಅನುಮಾನ ಬಂದರೆ ಯಾವುದಾದರೂ ಟೂಲ್‌ರೂಮಿನ ಸೂಕ್ಷ್ಮದರ್ಶಕದಡಿ ಹಳೆಯ ಅಸಲಿ ಬ್ಲೇಡಿನ ಪಕ್ಕ ಹೊಸದನ್ನು ಇಟ್ಟು ನೋಡಬಹುದು. ನ್ಯಾನೋಮೀಟರಿನ ತುದಿ ಕಾಣದಿದ್ದರೂ ಚಕ್ಕೆಗಳು, ಏರುಪೇರಾದ ಗ್ರೈಂಡಿಂಗ್ ಗುರುತುಗಳು ಮರೆಯಾಗಲಾರವು. ಈ ವಿಷಯದಲ್ಲಿ ಪೀಣ್ಯದ ವ್ಯಾಪಾರಿಗೆ ಇರುವ ಅನುಕೂಲ ಬೇರೆಡೆಯವರಿಗಿಲ್ಲ.

ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ 104ನೇ ಕಲಮಿನ ಪ್ರಕಾರ ನಕಲಿ ಚಿಹ್ನೆಯ ಸರಕನ್ನು ಮಾರಿದವರಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡ ವಿಧಿಸಬಹುದಾಗಿದೆ. ತಕ್ಕ ಎಚ್ಚರಿಕೆ ವಹಿಸಿದ್ದೆ, ಸಂಶಯಕ್ಕೆ ಕಾರಣವಿರಲಿಲ್ಲ, ಸರಕು ಯಾರಿಂದ ಬಂತೆಂಬ ಮಾಹಿತಿಯನ್ನು ಕೇಳಿದಾಗ ಕೊಟ್ಟಿದ್ದೇನೆ ಎಂದು ರುಜುವಾತುಪಡಿಸಿದವರಿಗೆ ರಕ್ಷಣೆಯುಂಟು. ಬಿಲ್ಲಿಲ್ಲದೆ ಸೈಕಲ್ ಮೇಲೆ ಬರುವ "ಅಗ್ಗದ ಮಾಲು" ಕೊಂಡವರಿಗೆ ಈ ರಕ್ಷಣೆ ದೊರೆಯುವುದು ಕಷ್ಟ.

ರೇಜರ್ ತಯಾರಿಸಬಯಸುವವರಿಗೆ

ಬ್ಲೇಡು ತಯಾರಿಕೆಗೆ ಬೇಕಾದ ನಿರಂತರ ಕುಲುಮೆ, ನಿರ್ವಾತ ಲೇಪನದ ಸಾಲುಗಳ ಬಂಡವಾಳ ಸಣ್ಣ ಘಟಕದ ಶಕ್ತಿಗೆ ಮೀರಿದ್ದು. ಆದರೆ ರೇಜರ್ ಹಾಗಲ್ಲ. ಮೂರು ಬಿಡಿಭಾಗ, ಒಂದು ತಿರುಪು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಕ್ರೋಮಿಯಂ ಪ್ಲೇಟಿಂಗ್ ಮಾಡುವುದು ಅಗ್ಗದ ದಾರಿ. ಪ್ಲೇಟಿಂಗ್ ಸವೆದಲ್ಲಿ ಒಳಲೋಹ ತಿನ್ನಲ್ಪಡುತ್ತದೆ ಎಂಬುದು ಅದರ ಕೊರತೆ. ಸ್ಟೇನ್‌ಲೆಸ್ ಸರಳಿನಿಂದ ಸಿ.ಎನ್.ಸಿ.ಯಲ್ಲಿ ಕಡೆಯುವುದು ದುಬಾರಿಯಾದರೂ ಆ ಕೆಲಸಕ್ಕೆ ಬೇಕಾದ ಯಂತ್ರ, ಕುಶಲ ಕೈ ಎರಡೂ ಪೀಣ್ಯದಲ್ಲಿವೆ. ಪ್ಲೇಟಿಂಗ್‌ನ ತ್ಯಾಜ್ಯನೀರಿನ ತಲೆನೋವೂ ಅದರಲ್ಲಿಲ್ಲ.

ಇಂಥ ಉದ್ದಿಮೆದಾರರು ರೇಜರಿನ ನಕ್ಷೆ ಬರೆಯುವ ಮೊದಲೇ ಬ್ಲೇಡನ್ನು ಆರಿಸಬೇಕು. ಬ್ಲೇಡು ಲೋಕದಾದ್ಯಂತ ಒಂದೇ ಮಾದರಿಯ ಸೀಳನ್ನು ಹೊಂದಿದ್ದರೂ ಅಗಲದಲ್ಲಿ ತಯಾರಕರಿಂದ ತಯಾರಕರಿಗೆ ಅಲ್ಪ ವ್ಯತ್ಯಾಸವಿರುತ್ತದೆ. ಅಲಗಿನ ಹೊರಚಾಚುವಿಕೆಯನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹಿಡಿಯಬೇಕಾದ ಕೆಲಸದಲ್ಲಿ ಈ ಅಲ್ಪವೇ ದೊಡ್ಡದು. ಬ್ಲೇಡನ್ನು ಸ್ಥಾನದಲ್ಲಿ ಹಿಡಿಯುವ ಗೂಟಗಳು ಸಡಿಲವಾಗಿದ್ದರೆ ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಹೊರಬಂದು, ಎರಡು ಅಲಗಿನ ಬ್ಲೇಡು ಹೆಸರಿಗೆ ಮಾತ್ರ ಎರಡು ಅಲಗಿನದಾಗುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ನಾಲ್ಕೈದು ಬ್ರಾಂಡುಗಳನ್ನು ಅಳೆದು, ಅತಿ ಅಗಲದ ಮತ್ತು ಅತಿ ಕಿರಿದಾದ ಬ್ಲೇಡು ಎರಡರಲ್ಲೂ ರೇಜರ್ ಸುರಕ್ಷಿತವಾಗಿ ನಡೆಯುವಂತೆ ನಕ್ಷೆ ಮಾಡಬೇಕು. ಸೂಕ್ಷ್ಮ ಅಳತೆಗೆ ಸ್ವಂತ ಸಲಕರಣೆ ಸಾಲದಿದ್ದರೆ 1962ರಿಂದ ಬೆಂಗಳೂರಿನಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ತುಮಕೂರು ರಸ್ತೆಯಲ್ಲೇ ಇದೆ. ರೇಜರಿನ ಪೆಟ್ಟಿಗೆಯೊಳಗೆ ಉಚಿತವಾಗಿ ಇಡುವ ಬ್ಲೇಡನ್ನು ಅಗ್ಗದ ದರ ನೋಡಿ ಕೊಳ್ಳುವುದು ದೊಡ್ಡ ತಪ್ಪು: ಗ್ರಾಹಕನ ಮೊದಲ ಕ್ಷೌರ ಆ ಬ್ಲೇಡಿನಿಂದಲೇ ಆಗುತ್ತದೆ, ಗಾಯವಾದರೆ ಆತ ದೂರುವುದು ರೇಜರನ್ನೇ.

ಬಳಸಿದ ಬ್ಲೇಡುಗಳ ವಿಲೇವಾರಿಯನ್ನು ಸೆಲೂನ್‌ಗಳೂ ಕಾರ್ಖಾನೆಗಳೂ ಈಗಲೂ ಹಗುರವಾಗಿ ಕಾಣುತ್ತಿವೆ. ಮುಚ್ಚಳದಲ್ಲಿ ಸಣ್ಣ ಸೀಳು ಕೊರೆದ ಒಂದು ತಗಡಿನ ಡಬ್ಬಿ ಗೋಡೆಗೆ ತೂಗಿದ್ದರೆ ಸಾಕು. ತುಂಬಿದ ಮೇಲೆ ಸೀಳನ್ನು ಟೇಪಿನಿಂದ ಮುಚ್ಚಿ, ಮೇಲೆ "ಬ್ಲೇಡು" ಎಂದು ದೊಡ್ಡದಾಗಿ ಬರೆದು, ಕಸದ ಚೀಲದೊಳಗೆ ಹಾಕದೆ ಪೌರಕಾರ್ಮಿಕರ ಕೈಗೆ ತಿಳಿಸಿಯೇ ಕೊಡಬೇಕು.